ಗೋಡೆಗೆ ಬಿಟ್ಟ ಕಣ್ಣು

"ಮಕ್ಕಳ ಕಣ್ಣ ಮೇಲೆ ಆಣೆ ಇಡಬೇಡಿ ಅಣ್ಣಾ. ನನಗೆ ಹೊಲಿಯೋದಷ್ಟೇ ಬರುತ್ತೆ, ಬಿಚ್ಚೋಕೆ ಬರಲ್ಲ."

ಟೈಲರಕ್ಕ ಇಷ್ಟು ಹೇಳಿದ್ದೇ ತಡ, ರಸಮಟ್ಟ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಿಚ್ಚೋಕೆ ಬರದ ಟೈಲರ್ರಾ! ಹಾಗಾದ್ರೆ ಬ್ಲೌಸು ಬಿಗಿಯಾದೋರ ಗತಿ ಏನಕ್ಕಾ?"

ಟೈಲರಕ್ಕ ನಗಲಿಲ್ಲ. ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅವಳ ಆ ಒಂದೇ ಕೋಣೆಯಲ್ಲಿ ಮಿಷನ್ ಎಣ್ಣೆ, ಹೊಸ ಬಟ್ಟೆಯ ಗಂಜಿ, ಒದ್ದೆ ಮಣ್ಣು, ಮೂರೂ ಸೇರಿದ ವಾಸನೆ. ಮೊದಲೆರಡು ಎಲ್ಲ ಟೈಲರ್ ಅಂಗಡಿಯಲ್ಲೂ ಇರುತ್ತೆ. ಮೂರನೆಯದು ಹಿಂದಿನ ಕಿಟಕಿಯಿಂದ ಬರ್ತಿತ್ತು. ಕಿಟಕಿಯಾಚೆ ಒಬ್ಬರು ನಡೆಯುವಷ್ಟು ಓಣಿ. ಓಣಿಯಾಚೆ ರಸಮಟ್ಟ ಕಟ್ಟಿದ ಹೊಸ ಗೋಡೆ, ಬೆಳ್ಳಗೆ, ಎತ್ತರಕ್ಕೆ, ಆಕಾಶಕ್ಕೇ ಅಡ್ಡ ನಿಂತ ಹಾಗೆ.

ರಸಮಟ್ಟ ಅಂದರೆ ಆ ಕಂಟ್ರಾಕ್ಟರಿಗೆ ಜನ ಇಟ್ಟ ಹೆಸರು. ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡೋ, ಮಟ್ಟ ನೋಡೋ ರಸಮಟ್ಟದ ಪಟ್ಟಿ ಸದಾ ಅವನ ಹಿಂದಿನ ಜೇಬಲ್ಲಿ ಇರ್ತಿತ್ತು. ಊಟದ ಮೇಜಿನ ಮೇಲೆ ಇಟ್ಟು ನೋಡೋನು, ಮಂಚದ ಮೇಲೆ ಇಟ್ಟು ನೋಡೋನು, ಗೋಡೆಗೆ ನೇತುಹಾಕಿದ ಅತ್ತೆಯ ಫೋಟೋ ಮೇಲೂ ಇಟ್ಟು ನೋಡಿ, "ನಿಮ್ಮಮ್ಮ ಸ್ವಲ್ಪ ಎಡಕ್ಕೆ ವಾಲಿದಾರೆ ಕಣೇ" ಅಂತ ಹೆಂಡತಿಯನ್ನ ಕೆಣಕೋನು. ಎಲ್ಲರ ಮಟ್ಟ ನೋಡ್ತಿದ್ದ, ತನ್ನದೊಂದು ಬಿಟ್ಟು.

ಈ ಗುಡ್ಡದ ಬಡಾವಣೆಗೆ ಅವನು ಹೊಸಬ. ಇಲ್ಲಿ ಮನೆಗಳು ಮೆಟ್ಟಿಲ ಮೇಲೆ ಕೂತ ನೆಂಟರ ಥರ, ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ. ಮೇಲಿನ ಮನೆಯ ಹಿತ್ತಲು ಯಾವತ್ತೂ ಕೆಳಗಿನ ಮನೆಯ ಅಡುಗೆಕೋಣೆಗೆ ಹೊರಟು ನಿಂತೇ ಇರುತ್ತೆ. ಹೋಗಬೇಡ ಇರು ಅಂತ ತಡೆಯೋದಕ್ಕೇ ತಡೆಗೋಡೆ. ಮೇಲಿನ ಮನೆಯ ರಿಟೈರ್ಡ್ ಮ್ಯಾನೇಜರ್ರ ಹಿತ್ತಲು ತಡೆಯೋಕೆ ಅಲ್ಲಿ ಮೊದಲು ಒಂದು ಹಳೇ ಕಲ್ಲುಗೋಡೆ ಇತ್ತು. ಸಂದುಸಂದಲ್ಲಿ ಪಾಚಿ, ಮಳೆ ಬಂದರೆ ಮೈಯೆಲ್ಲ ನೀರು. ಅದನ್ನ ಕೆಡವಿ ಹೊಸದು ಕಟ್ಟಿಸಿದ್ದರು. "ನನಗೆ ಗೋಡೆ ಹಾಲಿನ ಥರ ಇರಬೇಕು. ಒಂದು ಕಲೆ ಕಾಣಕೂಡದು" ಅಂತ ಅಪ್ಪಣೆ ಬೇರೆ.

ಗೋಡೆ ಹಿಂದೆ ಸೇರೋ ಮಳೆನೀರು ಆಚೆ ಬರಲಿ ಅಂತ ಬುಡದ ಉದ್ದಕ್ಕೂ ಪೈಪಿನ ತೂತು ಇಡ್ತಾರೆ. ಕೆಲಸದವರ ಬಾಯಲ್ಲಿ ಅದು ಕಣ್ಣು. ತೂತು ಇಡೋದು ಅನ್ನಲ್ಲ, ಕಣ್ಣು ಬಿಡೋದು ಅಂತಾರೆ. ಆ ಕಣ್ಣಿನ ಹಿಂದೆ ಜಲ್ಲಿ ತುಂಬಬೇಕು. ನೀರು ಸೋಸಿಕೊಂಡು ಬರುತ್ತೆ, ಮಣ್ಣು ಅಲ್ಲೇ ನಿಲ್ಲುತ್ತೆ. ಗೋಡೆ ಅತ್ತು ಹಗುರಾಗುತ್ತೆ.

ರಸಮಟ್ಟನಿಗೆ ಇದು ಗೊತ್ತಿಲ್ಲ ಅಂತಲ್ಲ. ಆದರೆ ಜಲ್ಲಿ ಯಾರಿಗೆ ಕಾಣುತ್ತೆ? ಮಣ್ಣೊಳಗೆ ಹೂತುಹೋಗೋ ಕೆಲಸಕ್ಕೆ ಯಾರು ಚಪ್ಪಾಳೆ ಹೊಡೀತಾರೆ? ಹಳೇ ಗೋಡೆಯ ಚೂರು, ಒಡೆದ ಇಟ್ಟಿಗೆ, ಖಾಲಿ ಸಿಮೆಂಟ್ ಚೀಲ ಎಲ್ಲ ಹಿಂದಕ್ಕೆ ತಳ್ಳಿ ಮಣ್ಣು ಮುಚ್ಚಿಸಿದ. ಕಣ್ಣಿಗೆ ಗೇಣುದ್ದದ ಪೈಪಿನ ತುಂಡು ಮುಂದುಗಡೆ ಮಾತ್ರ ಸಿಕ್ಕಿಸಿ ಗಾರೆ ಬಳಿಸಿದ. ನೋಡೋರಿಗೆ ಕಣ್ಣು, ನೀರಿಗೆ ಗೋಡೆ. ಕಲೆಯೂ ಬೀಳಲ್ಲ, ಕೆಲಸವೂ ಬೇಗ.

"ಇದು ಕುರುಡುಗಣ್ಣು ಆಯ್ತಲ್ಲ ಸಾರ್" ಅಂದಿದ್ದ ಮೇಸ್ತ್ರಿ.

"ಕನ್ನಡಕ ಹಾಕ್ಸೋಣ ಬಿಡೋ" ಅಂದಿದ್ದ ರಸಮಟ್ಟ.

ಈಗ ಮಳೆಗಾಲ ಶುರುವಾಗಿ, ಅಂಥಾ ಮಳೆ ಸುರಿದರೂ ಒಂದು ಕಣ್ಣಿಂದಲೂ ಹನಿ ಬಂದಿರಲಿಲ್ಲ. ಗೋಡೆ ಬುಡದಲ್ಲೇ ಬದುಕೋ ಟೈಲರಕ್ಕ ಹೆದರಿ ಅವನನ್ನ ಕರೆಸಿದ್ದಳು.

"ಹಳೇದು ಅಳ್ತಿತ್ತು ಅಣ್ಣಾ. ಅದು ಅಳೋ ಸದ್ದು ಕೇಳ್ತಾ ನಾನು ನಿದ್ದೆ ಮಾಡ್ತಿದ್ದೆ. ಇದು ಉಸಿರು ಬಿಗಿಹಿಡಿದು ನಿಂತಂಗಿದೆ. ಆ ಪೈಪು ಹಿಂದಿನವರೆಗೂ ಇದೆ ತಾನೇ?"

"ಇದೆ ಅಕ್ಕಾ."

"ನಿಜ?"

ಆಗಲೇ ಅವನು ಆಣೆಯ ಮಾತೆತ್ತಿದ್ದು, ಅವಳು ಇಡಬೇಡಿ ಅಂದದ್ದು. ಟೈಲರಕ್ಕನ ವಿಷಯ ಬೀದಿಯೆಲ್ಲ ಗುಸುಗುಸು ಇತ್ತು. ಅವಳ ಮುಂದೆ ಆಣೆ ಇಟ್ಟರೆ ಅದನ್ನ ಬಟ್ಟೆಗೆ ಹೊಲಿದುಬಿಡ್ತಾಳಂತೆ. ನಿಜವಾದ ಆಣೆಯ ನೂಲು ತಾನಾಗೇ ಉದುರುತ್ತಂತೆ, ಸುಳ್ಳಾಣೆಯದು ಬಿಗಿಯುತ್ತಂತೆ. ಅವಳ ತಾಯಿಯಿಂದ ಬಂದ ವಿದ್ಯೆಯಂತೆ. ಬ್ಲೌಸಿನ ಅಳತೆ ಕೊಡೋಕೆ ಬರೋ ಹೆಂಗಸರು ಕೂಡ ಅವಳ ಮುಂದೆ ವಯಸ್ಸು ಮಾತ್ರ ಹೇಳ್ತಿರಲಿಲ್ಲ.

"ಹೊಲೀರಿ ಅಕ್ಕಾ, ನೋಡೇಬಿಡೋಣ ನಿಮ್ಮ ಮಾಟ!" ನೆಲದ ಮೇಲೆ ಬಿದ್ದಿದ್ದ ಬಿಳೀ ಬಟ್ಟೆಯ ಚೂರೊಂದನ್ನ ಎತ್ತಿ ಅವನೇ ಅವಳ ತೊಡೆ ಮೇಲೆ ಹಾಕಿದ. "ಗೋಡೆಗೆ ಕಣ್ಣು ಬಿಟ್ಟಿದ್ದೀನಿ. ನನ್ನ ಮಗಳ ಕಣ್ಣಾಣೆ."

ಕಣ್ಣಾಣೆ ಅನ್ನೋದು ಅವನ ಬಾಯಲ್ಲಿ ಉಗುಳಿನಷ್ಟೇ ಸಲೀಸು. ಸಿಮೆಂಟ್ ಒಣಗಿದೆ ಅನ್ನೋದಕ್ಕೂ ಕಣ್ಣಾಣೆ, ನಾಳೆ ಬರ್ತೀನಿ ಅನ್ನೋದಕ್ಕೂ ಕಣ್ಣಾಣೆ. ಆದರೆ ಈ ಸಲ ಮಾತು ಬಾಯಿಂದ ಬಿದ್ದಮೇಲೆ ಎದೆಯಲ್ಲಿ ಏನೋ ಒಂದು ಸಣ್ಣಗೆ ಜಾರಿತು. ರಸಮಟ್ಟದ ಗುಳ್ಳೆ ಮಧ್ಯ ಬಿಟ್ಟು ಪಕ್ಕಕ್ಕೆ ಸರಿಯುತ್ತಲ್ಲ, ಹಾಗೆ.

"ಕೊನೇ ಸಲ ಕೇಳ್ತೀನಿ ಅಣ್ಣಾ. ಮಗು ಬೇಡ."

"ಹೊಲೀರೀ."

ಅವಳು ಸೂಜಿಯ ಕಣ್ಣಿಗೆ ಕಪ್ಪು ದಾರ ಪೋಣಿಸಿದಳು. ಬಟ್ಟೆಯ ಮೇಲೆ ಎರಡು ಸಾಲು ಹೊಲಿದಳು, ಸಣ್ಣಸಣ್ಣ ಹೊಲಿಗೆ, ಅಕ್ಕಪಕ್ಕ, ಸ್ವಲ್ಪ ಬಾಗಿದ್ದು. ಮುಚ್ಚಿದ ಎರಡು ರೆಪ್ಪೆಗಳ ಥರ. ದಾರವನ್ನ ಹಲ್ಲಿಂದ ಕಡಿದಾಗ ಟಕ್ ಅಂತ ಸದ್ದಾಯಿತು. ಹೊರಗೆ ಬರೋವಾಗ ರಸಮಟ್ಟ ಗೋಡೆಗೆ ಬೆನ್ನು ಮಾಡಿ ನಡೆದ. ತಾನೇ ಕಟ್ಟಿದ ಗೋಡೆಗೆ ಅವನು ಹಾಗೆ ಮುಖ ತಪ್ಪಿಸಿದ್ದು ಅದೇ ಮೊದಲು.

*

ಮನೆಗೆ ಬಂದರೆ ಮಗಳು ಬಾಗಿಲಲ್ಲೇ ಕೂತು ಕಣ್ಣುಜ್ಜುತ್ತಿದ್ದಳು. ಪುಟ್ಟಿ ಅಂದರೆ ಇನ್ನೂ ಶೂ ಲೇಸು ಕಟ್ಟೋಕೆ ಬರದ ಹುಡುಗಿ. ಆದರೆ ಅಳೋದರಲ್ಲಿ ಮಾತ್ರ ಪಿಎಚ್‌ಡಿ ಅಂತ ಅವನೇ ಹೇಳ್ತಿದ್ದ.

"ಅಪ್ಪಾ, ಬಿದ್ದುಬಿಟ್ಟೆ. ಅಳು ಬರ್ತಿದೆ. ಅಳೋಕೆ ಆಗ್ತಿಲ್ಲ."

ಮೊಣಕಾಲು ತರಚಿ ರಕ್ತ ಬಂದಿತ್ತು. ಬಾಯಿ ಸೊಟ್ಟಗಾಗಿತ್ತು, ಗಲ್ಲ ನಡುಗ್ತಿತ್ತು. ಕಣ್ಣು ಮಾತ್ರ ಒಣ ಒಣ.

"ಒಳ್ಳೇದೇ ಆಯ್ತಲ್ಲ, ಮನೇಲಿ ನೀರು ಉಳೀತು" ಅಂದ ರಸಮಟ್ಟ. ಹೆಂಡತಿ ನಕ್ಕಳು. ಅವನಿಗೆ ನಗು ಬರಲಿಲ್ಲ.

ಮಾರನೇ ದಿನ ಮಳೆ ಜಾಸ್ತಿಯಾಯಿತು. ಪುಟ್ಟಿಯ ರೆಪ್ಪೆ ಊದಿದವು. ಡಾಕ್ಟರು ಟಾರ್ಚು ಬಿಟ್ಟು ನೋಡಿ ಅಲರ್ಜಿ ಅಂದರು, ಡ್ರಾಪ್ಸ್ ಕೊಟ್ಟರು. ಡ್ರಾಪ್ಸ್ ಹಾಕಿದರೆ ಹನಿ ಒಳಗೇ ಹೋಗೋದು, ಆಚೆ ಬರೋದಿಲ್ಲ. "ಒಳಗಡೆ ಭಾರ ಅಪ್ಪಾ" ಅಂತ ಮಗು ಹಣೆ ಹಿಡಿದುಕೊಂಡು ಮುದುರಿ ಮಲಗಿತು. ಮುಟ್ಟಿದರೆ ರೆಪ್ಪೆ ಗಟ್ಟಿ. ತಣ್ಣಗೆ. ಒದ್ದೆ ಮಣ್ಣಿನ ವಾಸನೆ.

ರಸಮಟ್ಟನಿಗೆ ಅವತ್ತೇ ಗೊತ್ತಾಯಿತು. ಆದರೂ ಅವನು ಇನ್ನೊಬ್ಬ ಡಾಕ್ಟರ ಹತ್ತಿರ ಹೋದ. ಅವರಿಗಿಂತ ದೊಡ್ಡ ಡಾಕ್ಟರ ಹತ್ತಿರ ಹೋದ. ಯಾಕಂದರೆ ಗೋಡೆಯ ಹತ್ತಿರ ಹೋಗಬೇಕಾದರೆ ಮೊದಲು ಮ್ಯಾನೇಜರ್ರಿಗೆ ಹೇಳಬೇಕು. ಮ್ಯಾನೇಜರ್ರಿಗೆ ಹೇಳಿದರೆ ಬೀದಿಗೆ ಹೇಳಿದಂತೆ. ಆಮೇಲೆ ಅವನ ಆಫೀಸಿನ ಬೋರ್ಡಿನ ಮೇಲಿರೋ "ನಾವು ಕಟ್ಟಿದ್ದು ನಿಲ್ಲುತ್ತದೆ" ಅನ್ನೋ ಸಾಲನ್ನ ಯಾವ ಮುಖ ಇಟ್ಟುಕೊಂಡು ಓದೋದು? ಮಗಳ ಕಣ್ಣಿಗೂ ಬೋರ್ಡಿಗೂ ನಡುವೆ ನಿಂತು ಆ ಮನುಷ್ಯ ಮಟ್ಟ ನೋಡಿದ. ನೋಡಬಾರದಿತ್ತು. ನೋಡಿದ. ಗುಳ್ಳೆ ಸ್ವಲ್ಪ ಹೊತ್ತು ಬೋರ್ಡಿನ ಕಡೆಗೇ ನಿಂತಿತ್ತು. ಅದನ್ನ ನೆನೆಸಿಕೊಂಡರೆ ಈಗಲೂ ಅವನು ತಟ್ಟೆ ಬಿಟ್ಟು ಏಳ್ತಾನೆ.

ಒಂದು ಮಧ್ಯಾಹ್ನ ಮಗಳ ಕಣ್ಣು ಪೂರ್ತಿ ಮುಚ್ಚಿತು.

"ರೀ, ಬೇಗ ಬನ್ನಿ ಇಲ್ಲಿ!" ಹೆಂಡತಿ ಕೂಗಿದಳು. "ರೆಪ್ಪೆ ಮೇಲೆ ಇದೇನ್ರೀ?"

ಅವನು ಕಿಟಕಿಯ ಬೆಳಕಿಗೆ ಮಗಳ ಮುಖ ತಿರುಗಿಸಿ ನೋಡಿದ. ಎವೆಗಳ ನಡುವೆ, ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಕಪ್ಪು ದಾರ. ಸಣ್ಣಸಣ್ಣ ಹೊಲಿಗೆ. ಅಕ್ಕಪಕ್ಕ. ಸ್ವಲ್ಪ ಬಾಗಿದ್ದು.

"ಅಪ್ಪಾ, ಕರೆಂಟು ಹೋಯ್ತಾ?" ಅಂದಳು ಪುಟ್ಟಿ.

*

ಟೈಲರಕ್ಕನ ಬಾಗಿಲು ತೆರೆದೇ ಇತ್ತು. ಅವಳು ಆ ಬಟ್ಟೆಯ ಚೂರನ್ನ ಅಂಗೈಯಲ್ಲಿ ಹಿಡಿದು ಅವನಿಗೇ ಕಾಯ್ತಾ ಕೂತಂತಿದ್ದಳು. ಬಟ್ಟೆ ಮುದುರಿ ಗಂಟಾಗಿತ್ತು. ನೂಲು ಅಷ್ಟು ಬಿಗಿದಿತ್ತು.

"ಆ ಪೈಪು ಕುರುಡು ತಾನೇ?" ಅಂದಳು.

ಅವನು ತಲೆ ತಗ್ಗಿಸಿದ.

"ಎಷ್ಟು ಹೇಳಿದೆ ಅಣ್ಣಾ ನಿಮಗೆ. ಮಗು ಬೇಡ ಅಂತ ಎಷ್ಟು ಹೇಳಿದೆ." ಬೈಗುಳ ಇರಲಿಲ್ಲ ಆ ಮಾತಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು. "ನಾನೂ ಹೊಲಿಯಬಾರದಿತ್ತು. ನನ್ನ ಪ್ರಾಣದ ಭಯಕ್ಕೆ ಹೊಲಿದೆ."

"ಬಿಚ್ಚಿ ಅಕ್ಕಾ. ಕಾಲಿಗೆ ಬೀಳ್ತೀನಿ. ಕತ್ತರಿ ಹಾಕಿಬಿಡಿ."

"ಕತ್ತರಿ ಹಾಕಿದ್ರೆ ಅಲ್ಲಿ ಮಗೂಗೆ ಬೀಳುತ್ತೆ." ಅವಳು ಕತ್ತರಿಯನ್ನ ದೂರ ಸರಿಸಿದಳು. "ಆಣೆ ಸುಳ್ಳಾಗಿದೆ. ಅದನ್ನ ನಿಜ ಮಾಡಿ. ನೀವು ಕಟ್ಟಿದ್ದು, ನೀವೇ ಕಣ್ಣು ಬಿಡಬೇಕು. ಬಟ್ಟೆ ಗೋಡೆಗೆ ತಗುಲಿದ್ರೇ ನೂಲು ಬಿಡೋದು. ನಡೀರಿ, ನಾನೂ ಬರ್ತೀನಿ."

ಮಂತ್ರವಾದಿಗಳು ತಡೆ ಒಡೀತಾರೆ ಅಂತ ಬೋರ್ಡು ನೋಡಿದಾಗೆಲ್ಲ "ನಾನು ತಡೆ ಕಟ್ಟೋನು, ಅವರು ಒಡೆಯೋರು, ಇಬ್ಬರದ್ದೂ ಒಂದೇ ಬಿಸಿನೆಸ್ಸು" ಅಂತ ಜೋಕ್ ಮಾಡ್ತಿದ್ದ ರಸಮಟ್ಟ ಈಗ ಹಾರೆ, ಸುತ್ತಿಗೆ ಹಿಡಿದು ಓಣಿಗೆ ಇಳಿದ. ಮಳೆ ಹೇಗೆ ಸುರೀತಿತ್ತು ಅಂದರೆ ಹಗಲು ಹೊತ್ತಲ್ಲೇ ಓಣಿಯಲ್ಲಿ ಕತ್ತಲೆ. ಚರಂಡಿ ಉಕ್ಕಿ ಪಾದ ಮುಳುಗಿತ್ತು. ಟೈಲರಕ್ಕ ತನ್ನ ಮನೆಯ ಸೂರಿನ ಕೆಳಗೆ, ಗೋಡೆಯ ನಟ್ಟನಡುವೆ ನಿಂತು, ಬಟ್ಟೆಯನ್ನ ಗೋಡೆಗೆ ಒತ್ತಿ ಹಿಡಿದಳು.

ಅವನು ಮೊದಲ ಪೈಪಿಗೆ ಹಾರೆ ಇಟ್ಟು ಸುತ್ತಿಗೆ ಬೀಸಿದ. ಗಾರೆ ಉದುರಿತು. ಮತ್ತೆ ಬೀಸಿದ. ಕಲ್ಲು ಬಿಟ್ಟುಕೊಂಡಿತು. ಹಾರೆ ಒಮ್ಮೆಗೇ ಒಳಗೆ ಹೋಯಿತು, ಮೆತ್ತಗಿನ ಯಾವುದಕ್ಕೋ ಚುಚ್ಚಿದ ಹಾಗೆ. ಎಳೆದ. ಗೋಡೆ ಕೆಮ್ಮಿತು. ಕಂದು ನೀರು ಚಿಮ್ಮಿ ಅವನ ಎದೆಗೆ ಹೊಡೆಯಿತು.

"ಒಂದು ಹೊಲಿಗೆ ಸಡಿಲ ಆಯ್ತು!" ಟೈಲರಕ್ಕ ಕೂಗಿದಳು.

ಸ್ಪೀಕರ್ ಹಾಕಿ ಜೇಬಿನಲ್ಲಿಟ್ಟಿದ್ದ ಫೋನಿನಿಂದ ಹೆಂಡತಿಯ ದನಿ ಬಂತು. "ರೀ, ಏನ್ ಮಾಡಿದ್ರಿ? ಒಂದು ದಾರ ಬಿಟ್ಕೊಂಡ್ತು ರೀ!"

ಎರಡನೇ ಕಣ್ಣು. ಮೂರನೇದು. ತೋಳು ಸೋತಿತು, ಅಂಗೈ ಒಡೆಯಿತು. ಒಂದೊಂದು ಕಣ್ಣು ಬಿಟ್ಟ ಹಾಗೂ ಗೋಡೆಯೊಳಗಿಂದ ಒಂದು ಸದ್ದು, ಬಿಕ್ಕೋ ಸದ್ದು. ಫೋನಿನೊಳಗೂ ಅದೇ ಸದ್ದು. ಪುಟ್ಟಿ ಅಳೋಕೆ ಶುರು ಮಾಡಿದ್ದಳು. ಒಂದು ಕಣ್ಣು ಬಿಟ್ಟಳಂತೆ. ಅಮ್ಮನ ಮುಖ ಕಂಡಿತಂತೆ. ರಸಮಟ್ಟ ಅಳ್ತಾ ನಗ್ತಾ ಸುತ್ತಿಗೆ ಬೀಸಿದ.

ಓಣಿಯ ತುದಿಗೆ ಬಂದ. ಮೆಟ್ಟಿಲ ಪಕ್ಕದಲ್ಲಿ ಉಳಿದದ್ದು ಒಂದೇ ಕಣ್ಣು. ಉಸಿರು ತಗೊಳ್ಳೋಕೆ ನಿಂತು ಹಿಂತಿರುಗಿ ನೋಡಿದ.

ಬಿಟ್ಟ ಕಣ್ಣುಗಳಿಂದ ಬರ್ತಿದ್ದದ್ದು ನೀರಲ್ಲ. ಮಣ್ಣು. ಜಲ್ಲಿ ಇಲ್ಲವಲ್ಲ, ಸೋಸೋದು ಯಾರು? ಗಂಜಿಯಂಥ ಕೆಸರು ಬಳಬಳ ಸುರೀತಿತ್ತು. ಗುಡ್ಡ ಗೋಡೆಯ ಹಿಂದಿನಿಂದ ಜಾರಿ ಬರ್ತಿತ್ತು. ಗೋಡೆ ನಟ್ಟನಡುವೆ ಹೊಟ್ಟೆ ಬಿಟ್ಟಿತ್ತು. ಕಣ್ಣು ಬಿಡದ ಗೋಡೆ ಹೊಟ್ಟೆ ಬಿಡುತ್ತೆ, ಇದು ಅವನೇ ಕೆಲಸದವರಿಗೆ ಹೇಳೋ ಜೋಕು. ಆ ಹೊಟ್ಟೆಯ ಮೇಲೆ ಕೂದಲೆಳೆಯಂಥ ಒಂದು ಬಿರುಕು, ಅವನು ನೋಡ್ತಾ ಇದ್ದ ಹಾಗೇ, ಹಾಲಿನಂಥ ಬಿಳುಪಿನ ಮೇಲೆ ಮೆಲ್ಲಗೆ ನಡೆದುಹೋಯಿತು.

ಅದರ ಕೆಳಗೆ ಟೈಲರಕ್ಕ. ಒಂದು ಕೈ ಗೋಡೆಗೆ. ಮುಖ ಅವನ ಕಡೆಗೆ.

ಇನ್ನೊಂದು ಪೆಟ್ಟು ಬಿದ್ದರೆ ಗೋಡೆ ಬರುತ್ತೆ. ಹುಟ್ಟಿದಾಗಿಂದ ಗೋಡೆ ಕಟ್ಟಿದವನಿಗೆ ಅಷ್ಟು ತಿಳಿಯೋದಿಲ್ವೇ?

"ಏನೋ ಚಟಚಟ ಅಂತಿದೆ" ಅಂದಳು ಟೈಲರಕ್ಕ. "ಗೋಡೆ ನಿಲ್ಲುತ್ತಾ ಅಣ್ಣಾ?"

ಫೋನು. "ರೀ, ಇನ್ನೊಂದು ಕಣ್ಣು ಬಿಡ್ತಿಲ್ಲ! ಊದ್ತಾ ಇದೆ ರೀ, ಒಡೆದುಹೋಗೋ ಹಾಗಿದೆ! ರೀ!"

ಅವಳು ಕೈ ತೆಗೆದರೆ? ಬಟ್ಟೆ ಗೋಡೆ ಬಿಟ್ಟರೆ? ನೂಲು ನಿಂತುಬಿಟ್ಟರೆ?

"ನಿಲ್ಲುತ್ತೆ" ಅಂದ ರಸಮಟ್ಟ.

ಅವಳು ಅವನನ್ನ ಒಂದು ಗಳಿಗೆ ನೋಡಿದಳು. ಒದ್ದೆ ಮುಖದಲ್ಲಿ ಸಣ್ಣಗೆ ನಕ್ಕಳು. ಅವಳು ನಕ್ಕಿದ್ದನ್ನ ಅವನು ನೋಡಿದ್ದೇ ಅವತ್ತು. "ಈ ಸಲ ಆಣೆ ಬೇಡ. ನಂಬ್ತೀನಿ. ಹೊಡೀರಿ, ಮಗು ಕಾಯ್ತಿದೆ."

ಅವನು ಹೊಡೆದ.

ಹಾರೆ ಹೋಯಿತು. ನೀರು ಬಂತು. ಫೋನಿನಲ್ಲಿ ಹೆಂಡತಿ ಕಿರುಚಿದಳು, ಖುಷಿಗೆ. ಆಮೇಲೆ ಗೋಡೆ, ಯಾವ ಗಡಿಬಿಡಿಯೂ ಇಲ್ಲದೆ, ಬಾಗಿ ನಮಸ್ಕಾರ ಮಾಡಿದಂತೆ, ಓಣಿಗೆ ಬಿತ್ತು. ಅದರ ಹಿಂದೆ ಗುಡ್ಡ. ಸೂರು ಹೋಯಿತು. ಕಿಟಕಿ ಹೋಯಿತು. ಅವನನ್ನ ಕೆಸರು ಮೆಟ್ಟಿಲ ಮೇಲಕ್ಕೆ ಎತ್ತಿ ಎಸೆಯಿತು. ಬಾಯಿ ತುಂಬ ಮಣ್ಣು. ಮಣ್ಣಿನೊಳಗಿಂದ ಹೊಲಿಗೆ ಮಿಷನ್ ಒಂದಷ್ಟು ಹೊತ್ತು ತಾನಾಗೇ ಓಡಿದ ಸದ್ದು. ಟಕ ಟಕ ಟಕ. ನಿಂತಿತು.

ಎದ್ದು ಕೂತು ಎದೆ ಸವರಿಕೊಂಡಾಗ ಅಂಗಿ ಜೇಬಿನಲ್ಲಿ ಬೆರಳಿಗೆ ಚುಚ್ಚಿತು. ಮೊಳೆ. ಕೆಲಸದವನ ಜೇಬು, ಮೊಳೆ ಇದ್ದೇ ಇರುತ್ತೆ. ಒಂದು ಮೊಳೆ ಹೊಡೆದು ಆ ಬಟ್ಟೆಯನ್ನ ಗೋಡೆಗೆ ನೇತುಹಾಕಬಹುದಿತ್ತು. ಅವಳು ದೂರ ನಿಲ್ಲಬಹುದಿತ್ತು. ಸುತ್ತಿಗೆ ಕೈಯಲ್ಲೇ ಇತ್ತು.

*

ಆಮೇಲೆ ತನಿಖೆಗೆ ಬಂದ ಸಾಹೇಬರು ಬಿದ್ದ ಗೋಡೆಯ ತುಂಡುಗಳನ್ನ ತಿರುಗಿಸಿ ಮುರುಗಿಸಿ ನೋಡಿದರು. ಪೈಪಿನೊಳಗೆ ಕೋಲು ಹಾಕಿದರು. ಈ ಕಡೆಯಿಂದ ಆ ಕಡೆಗೆ ಸಲೀಸಾಗಿ ಹೋಯಿತು.

"ಕಣ್ಣು ಬಿಟ್ಟಿದಾರೆ. ಎಲ್ಲಾನೂ ಬಿಟ್ಟಿದಾರೆ" ಅಂದರು. "ಮಳೆ ಜಾಸ್ತಿ ಆಯ್ತು, ಏನ್ ಮಾಡೋಕಾಗುತ್ತೆ."

ಜಲ್ಲಿ ಎಲ್ಲಿ ಅಂತ ಯಾರೂ ಕೇಳಲಿಲ್ಲ. ಅಷ್ಟು ಮಣ್ಣಲ್ಲಿ ಯಾರು ಹುಡುಕ್ತಾರೆ? ಮ್ಯಾನೇಜರ್ ಅವನ ಬೆನ್ನು ತಟ್ಟಿ, "ಅವಳು ಮಣ್ಣಲ್ಲಿ ಸಿಕ್ಕಿಕೊಂಡಾಗ ನೀವು ಉಳಿಸೋಕೆ ಓಡಿದ್ರಂತೆ" ಅಂದರು. ಮೇಸ್ತ್ರಿ ಒಬ್ಬ ಮಾತ್ರ ನೆಲ ನೋಡ್ತಾ ನಿಂತಿದ್ದ, ಆಮೇಲೆ ಕೆಲಸಕ್ಕೆ ಬರಲಿಲ್ಲ. ಟೈಲರಕ್ಕನನ್ನ ಎತ್ತಿದಾಗ ಅವಳ ಕೈಯಲ್ಲಿ ಬಟ್ಟೆಯ ಚೂರಿತ್ತು. ಅದರಲ್ಲಿ ಒಂದು ಎಳೆ ದಾರವೂ ಇರಲಿಲ್ಲ. ಆಣೆ ನಿಜವಾಗಿತ್ತು. ಅವಳ ಕಣ್ಣು ತೆರೆದಿತ್ತು. ಎಷ್ಟು ಸವರಿದರೂ ಮುಚ್ಚಲಿಲ್ಲವಂತೆ.

ಗೋಡೆ ಬಿದ್ದ ಸಂಜೆ ರಸಮಟ್ಟ ಮನೆಗೆ ಬಂದ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ಖುಷಿ ಇರಲಿಲ್ಲ.

"ಕಣ್ಣು ಬಿಟ್ಟಿದಾಳೆ ಅಲ್ವೇನೇ?"

"ಬಿಟ್ಟಿದಾಳೆ" ಅಂದಳು ಹೆಂಡತಿ. "ಬಿಟ್ಟೇ ಇದಾಳೆ ರೀ."

ಮಂಚದ ಮೇಲೆ ಪುಟ್ಟಿ ಮಲಗಿದ್ದಳು. ಅತ್ತು ಸುಸ್ತಾದ ಗಾಢ ನಿದ್ದೆ. ಉಸಿರು ಒಂದೇ ಸಮ, ಬಾಯಿ ಸ್ವಲ್ಪ ತೆರೆದಿದೆ. ಕಣ್ಣು ಎರಡೂ ಅಗಲ. ರೆಪ್ಪೆ ಬಡಿಯಲ್ಲ. ಮಿಸುಕಲ್ಲ. ಅವನು ಎಡಕ್ಕೆ ಹೋದರೆ ಎಡಕ್ಕೆ ತಿರುಗಿದವು, ಬಲಕ್ಕೆ ಹೋದರೆ ಬಲಕ್ಕೆ. ಈಗಲೂ ಎಚ್ಚರವಾದಾಗ ಅವಳು ಆಡ್ತಾಳೆ, ನಗ್ತಾಳೆ, ಅಪ್ಪಾ ಅಂತಾಳೆ. ಕಣ್ಣು ಮುಚ್ಚೋದು ಮಾತ್ರ ಮರೆತುಹೋಗಿದೆ. ಕಣ್ಣಾಮುಚ್ಚಾಲೆ ಆಡೋಕೆ ಬರಲ್ಲ ಅಂತ ಮಕ್ಕಳು ಅವಳನ್ನ ಸೇರಿಸಿಕೊಳ್ಳಲ್ಲ.

ಅವತ್ತು ಅವನು ಮಂಚದ ಅಂಚಿಗೆ ಕೂತು ಅಂಗೈಯಿಂದ ಮೆಲ್ಲಗೆ ರೆಪ್ಪೆಗಳನ್ನ ಕೆಳಗೆ ಎಳೆದ. ಬರಲಿಲ್ಲ. ಇನ್ನೂ ಸ್ವಲ್ಪ ಒತ್ತಿದ. ಒಳಗಿಂದ ಏನೋ ವಾಪಸ್ ಒತ್ತಿತು. ಮಳೆ ಕುಡಿದ ಮಣ್ಣು ಗೋಡೆಯನ್ನ ಒತ್ತೋ ಹಾಗೆ. ಬೆರಳಿಗೆ ಏನೋ ತಗುಲಿತು. ಹುಬ್ಬಿನ ಕೆಳಗೆ, ರೆಪ್ಪೆಯನ್ನ ಮೇಲಕ್ಕೆ ಮಡಿಚಿ ಹಿಡಿದಂತೆ, ಸಣ್ಣಸಣ್ಣ ಹೊಲಿಗೆ. ಅಕ್ಕಪಕ್ಕ. ಸ್ವಲ್ಪ ಬಾಗಿದ್ದು.

ಬಿಚ್ಚೋಕೆ ಬರಲ್ಲ ಅಂದವಳೂ ಈಗ ಇಲ್ಲ.

ನಿದ್ದೆಯಲ್ಲೇ ಪುಟ್ಟಿಯ ತುಟಿ ಅಲುಗಿತು.

"ಗೋಡೆ ನಿಲ್ಲುತ್ತಾ ಅಣ್ಣಾ?"

ರಸಮಟ್ಟ ಬಾಗಿಲ ಕಡೆ ನೋಡಿದ. ಹೆಂಡತಿ ಕೇಳಿಸಿಕೊಳ್ತಿದ್ದಳು. ಗಂಡ ಏನು ಹೇಳ್ತಾನೆ ಅಂತ ಕಾಯ್ತಿದ್ದಳು. ಹೇಳಿಬಿಡು, ಈಗಲಾದರೂ ಹೇಳು ಅಂದುಕೊಂಡ. ಜೇಬಿನಲ್ಲಿ ಮೊಳೆ ಚುಚ್ಚಿತು. ಬಾಯಿ ತೆರೆದ.

"ನಿಲ್ಲುತ್ತೆ" ಅಂದ.

ಮಗಳ ತೆರೆದ ಕಣ್ಣಿನ ಮೂಲೆಯಿಂದ ಒಂದು ಹನಿ ಇಳಿದು ಬಿಳೀ ದಿಂಬಿನ ಮೇಲೆ ಹರಡಿತು. ಕಂದು ಬಣ್ಣದ ಹನಿ. ಕೋಣೆ ತುಂಬ ಒದ್ದೆ ಮಣ್ಣಿನ ವಾಸನೆ.